ಹಿತ್ತಾಳೆ ಬೆಳಗುವ ಸರದಿ

ಸ್ಟುಟ್‌ಗಾರ್ಟಿನ ನಮ್ಮ ಕಟ್ಟಡದಲ್ಲಿ ದೇವರಿಗೆ ಹೆದರದವರೂ ಹಿಲ್ಟ್ರೂಡ್ ಫೈಫ್ಲೆಗೆ ಹೆದರುತ್ತಿದ್ದರು. ಇಲ್ಲಿ ವಾರಕ್ಕೊಂದು ಮನೆಯವರು ಸರದಿಯ ಮೇಲೆ ಮೆಟ್ಟಿಲನ್ನೂ ಬಾಗಿಲ ಮುಂದಿನ ಕಾಲುದಾರಿಯನ್ನೂ ಗುಡಿಸಬೇಕು. ಎಪ್ಪತ್ತನಾಲ್ಕರ ಈ ಮುದುಕಿ ಸಂದಿಗೊಂದಿಗೆಲ್ಲ ಬೆರಳು ತೂರಿಸಿ, ಧೂಳು ಸಿಕ್ಕರೆ ಆ ಬೆರಳನ್ನು ಎತ್ತಿ ಹಿಡಿದುಕೊಂಡೇ ಬಂದು ಬಾಗಿಲು ತಟ್ಟುತ್ತಿದ್ದಳು. ಮೂವತ್ತು ವರ್ಷಗಳಲ್ಲಿ ನಾನು ಆ ಬೆರಳನ್ನು ನೋಡಿದಷ್ಟು ಅವಳ ಮುಖವನ್ನು ನೋಡಿಲ್ಲ.

ನಾಜಿಗಳು ಕೊಂದ ಯೆಹೂದಿಗಳು ಎಲ್ಲಿ ವಾಸವಾಗಿದ್ದರೋ ಆ ಮನೆಯ ಮುಂದೆ ಅವರ ಹೆಸರು ಕೊರೆದ, ಹಿತ್ತಾಳೆ ಹೊದಿಸಿದ ಅಂಗೈಯಗಲದ ಕಲ್ಲನ್ನು ಕಾಲುದಾರಿಯಲ್ಲಿ ಹುಗಿಯುವ ಕೆಲಸ 2011ರಲ್ಲಿ ನಮ್ಮ ಬೀದಿಗೂ ಬಂತು. ನಮ್ಮ ಪಾಲಿಗೆ ಮೂರು: ಸೀಗ್‌ಮುಂಡ್ ಎಟ್ಲಿಂಗರ್, ಹೆಂಡತಿ ಮೆಟಾ, ಮಗಳು ಲೋರೆ. 1941ರಲ್ಲಿ ಗಡೀಪಾರು, ಆಮೇಲೆ ಕೊಲೆ ಎಂದು ಕೊರೆದಿತ್ತು. ಕಲ್ಲು ಕೂರಿಸಲು ಇಪ್ಪತ್ತು ನಿಮಿಷ ಸಾಕಾಯಿತು. ಅದನ್ನು ಬೆಳಗುವುದು ಗುಡಿಸುವ ಸರದಿಗೆ ಸೇರುತ್ತದೋ ಇಲ್ಲವೋ ಎಂದು ತೀರ್ಮಾನಿಸಲು ಮೂರು ಸಭೆ ಬೇಕಾಯಿತು. ಸತ್ತವರ ಬಗ್ಗೆ ಯಾರೂ ತುಟಿಪಿಟಕ್ಕೆನ್ನಲಿಲ್ಲ. ಹಿತ್ತಾಳೆಗೆ ಯಾವ ಪುಡಿ ಒಳ್ಳೆಯದೆಂದು ಗಂಟೆಗಟ್ಟಲೆ ಮಾತಾಡಿದೆವು.

ಎಟ್ಲಿಂಗರ್ ಕುಟುಂಬದ ಮನೆ ಫೈಫ್ಲೆಯ ಅಪ್ಪನಿಗೆ ಸಿಕ್ಕಿತ್ತು, ಆಕೆ ಇಂದಿಗೂ ಅಲ್ಲೇ ಇದ್ದಾಳೆ ಎಂಬುದು ನಮಗೆಲ್ಲ ಗೊತ್ತಿತ್ತು. ಅದನ್ನು ಕೇಳುವಷ್ಟು ಅಸಭ್ಯರು ನಾವಲ್ಲ. ಉಳಿದವರು ಬೆಳಗಿದರೆ ಕಲೆ ಉಳಿಯುತ್ತದೆಂದು ಜಗಳ ತೆಗೆದು, ಆಕೆ ಎಲ್ಲರ ಸರದಿಯನ್ನೂ ತಾನೇ ವಹಿಸಿಕೊಂಡಳು. ಕೆಲಸ ತಪ್ಪಿತೆಂದು ನಾವು ಸಂತೋಷಪಟ್ಟೆವು.

ಮೇ ತಿಂಗಳಲ್ಲಿ ಮೆಟಾಳ ತಂಗಿಯ ಮೊಮ್ಮಗ ಅವ್ನೇರ್ ಹೈಫಾದಿಂದ ಬಂದ. ಫಳಫಳ ಹೊಳೆಯುವ ಕಲ್ಲುಗಳನ್ನು ಕಂಡು, ಫೈಫ್ಲೆಯ ಕೈ ಕುಲುಕಿ, ನಿಮ್ಮಂಥವರು ಅಪರೂಪ ಎಂದ. ಆಮೇಲೆ, ಅವರಿದ್ದದ್ದು ಯಾವ ಮಹಡಿಯಲ್ಲಿ ಎಂದು ಕೇಳಿದ.

ನಾವೆಲ್ಲ ನಮ್ಮ ನಮ್ಮ ಶೂ ನೋಡಿಕೊಂಡೆವು. ಗೊತ್ತಿಲ್ಲ ಎಂದು ಆಕೆ ಹೇಳಿದ್ದರೆ ಹೂಂ ಎನ್ನಲು ಎಲ್ಲರೂ ತಯಾರಿದ್ದೆವು. ನನಗೆ ಈಗಲೂ ನಾಚಿಕೆಯಾಗುತ್ತದೆ.

"ಮೂರನೇ ಮಹಡಿ, ಎಡಗಡೆ. ಈಗ ನಾನಿದೀನಿ ಅಲ್ಲಿ," ಎಂದಳು ಫೈಫ್ಲೆ. "ನಾವು ಬಂದಾಗ ನಂಗೆ ನಾಲ್ಕು ವರ್ಷ. ಬಕೆಟ್ಟು, ಬ್ರಷ್ಷು ಎಲ್ಲಾ ಹೊತ್ಕೊಂಡು ಬಂದಿದ್ವಿ. ಬೇಕಾಗ್ಲೇ ಇಲ್ಲ. ನೆಲ ಒರೆಸಿಟ್ಟು ಹೋಗಿದ್ರು ಅವ್ರು. ಎಂಥಾ ಚೊಕ್ಕ ಮನೆ ಸಿಕ್ತು ನಮ್ಗೆ, ಏನು ಅದೃಷ್ಟ ಅಂತ ನಮ್ಮಮ್ಮ ಸಾಯೋವರ್ಗೂ ಹೇಳ್ತಿದ್ಲು. ನಾನೂ ಹೇಳ್ತಿದ್ದೆ."

ಅವ್ನೇರ್ ಆಕೆಯ ಹಿಂದೆ ಮೆಟ್ಟಿಲು ಹತ್ತಿದ. ನಾನೂ ಹಿಂಬಾಲಿಸಿದೆ. ಹೊಸ್ತಿಲಲ್ಲಿ ಅವನು ಶೂ ಬಿಚ್ಚಲು ಬಗ್ಗಿದ.

"ಬಿಚ್ಬೇಡಿ," ಎಂದಳು ಫೈಫ್ಲೆ. "ಹಾಗೇ ಬನ್ನಿ."