ಬಿಸ್ಕತ್ತಿನ ಡಬ್ಬಿಯಿಂದ ಎದ್ದ ಮಂತ್ರಿ

ಬರ್ನಬೆ ತಿಸೊ ಪ್ಯಾರಿಸ್ಸಿನ ಪ್ರಧಾನಿ ಬಂಗಲೆಯ ಬಾಗಿಲು ಕಾಯುವವನು. ಕೊರಳಲ್ಲಿ ಬೆಳ್ಳಿ ಸರಪಳಿ, ಮೈಮೇಲೆ ಕರಿ ಕೋಟು; ಎಡಗೈಯ ಎರಡು ಬೆರಳು ಮೊದಲ ಮಹಾಯುದ್ಧಕ್ಕೇ ಹೋಗಿದ್ದವು. ಇಪ್ಪತ್ತೆರಡು ವರ್ಷಗಳಲ್ಲಿ ಅವನು ಎಷ್ಟು ಪ್ರಧಾನಿಗಳಿಗೆ ಬಾಗಿಲು ತೆರೆದನೋ, ಅವನಿಗೇ ನೆನಪಿರಲಿಲ್ಲ. ಎರಡನೆಯ ಯುದ್ಧ ಮುಗಿದ ಮೇಲಂತೂ ಕೇಳುವುದೇ ಬೇಡ! ಯಾರಿಗೂ ಬಹುಮತವಿಲ್ಲ. ಮೂರು ಪಕ್ಷ ಸೇರಿ ಸರ್ಕಾರ ಕಟ್ಟುವುದು, ಅದರಲ್ಲೊಂದು ಮುನಿಸಿಕೊಂಡು ಕೆಡವುವುದು.

"ಈ ಸಲದ್ದು ಸೂಪು ಆರೋ ತನಕ ಇರುತ್ತೇನ್ರೀ?" ಎಂದು ಹೆಂಡತಿ ಲಿಯೊಂತಿನ್ ಕೆಣಕುವಳು.

"ಆರೋ ತನಕ ಇರುತ್ತೆ ಕಣೇ. ಮತ್ತೆ ಬಿಸಿ ಮಾಡೋ ತನಕ ಇರೋದು ಅನುಮಾನ."

ಬಾಯಲ್ಲಿ ಹಾಗೆಂದರೂ ಬರ್ನಬೆಗೆ ಒಳಗೊಳಗೇ ಭಕ್ತಿಯಿತ್ತು. ದೊಡ್ಡವರು ಯಾರನ್ನೂ ಸುಮ್ಮನೆ ಆ ಮೇಜಿಗೆ ಕರೆಯುವುದಿಲ್ಲ, ಅಳೆದು ತೂಗಿ ಕೂರಿಸುತ್ತಾರೆ ಎಂದು ನಂಬಿದ್ದ.

ಮೇಜಿನ ಮೇಲೆ ಮಂತ್ರಿಗಳ ಹೆಸರುಚೀಟಿ ಇಡುವುದೂ ಅವನದೇ ಕೆಲಸ. ಯುದ್ಧ ಮುಗಿದರೂ ದಪ್ಪ ಕಾಗದಕ್ಕೆ ಬರ. ಹೇಗೂ ಹೋದವರೇ ಮತ್ತೆ ಬರುವವರು. ಇಂದು ಕೃಷಿ ಮಂತ್ರಿಯಾದವನು ನಾಳೆ ಹಣಕಾಸಿಗೆ. ಆದ್ದರಿಂದ ಸರ್ಕಾರ ಬಿದ್ದಾಗ ಬರ್ನಬೆ ಚೀಟಿಗಳನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿಡುವನು, ಹೊಸ ಸರ್ಕಾರ ಬಂದಾಗ ಅದರಿಂದಲೇ ತೆಗೆದಿಡುವನು. ಮೂರು ನಾಲ್ಕು ಹೊಸ ಚೀಟಿ ಬರೆದರೆ ಹೆಚ್ಚು.

೧೯೪೮ರ ಶರತ್ಕಾಲದ ಒಂದು ಬೆಳಿಗ್ಗೆ ಹೊಸ ಸಂಪುಟದ ಮೊದಲ ಸಭೆ. ಕಾರುಗಳು ಬಂದು ನಿಂತರೂ ಮಂತ್ರಿಗಳ ಪಟ್ಟಿ ಮಾತ್ರ ಬಂದಿರಲಿಲ್ಲ. ಅಷ್ಟರಲ್ಲಿ ಕಿವಿಗೆ ಬಿದ್ದ ಹೆಸರುಗಳನ್ನೂ ಅಭ್ಯಾಸಬಲವನ್ನೂ ನಂಬಿ ಬರ್ನಬೆ ಚೀಟಿಗಳನ್ನು ಇಟ್ಟುಬಿಟ್ಟ. ಏಳು ಸಂಪುಟಗಳಲ್ಲಿ ಮಾಜಿ ಸೈನಿಕರ ಖಾತೆ ನೋಡಿಕೊಂಡ ಮುದುಕ ಲವಿನ್ಯಾಕರ ಚೀಟಿಯನ್ನು ಕೈ ತಾನಾಗಿಯೇ ಇಟ್ಟಿತು.

ಲವಿನ್ಯಾಕ್ ಎಲ್ಲರಿಗಿಂತ ಕೊನೆಗೆ ಬಂದರು. ಕೊಡೆಗಳ ಸ್ಟ್ಯಾಂಡಿಗೆ ಕೈ ಚಾಚಿದವರು ತೆರೆದ ಬಾಗಿಲಿನಾಚೆ ಮೇಜಿನ ಮೇಲೆ ತಮ್ಮ ಚೀಟಿ ನೋಡಿ ಹಾಗೇ ನಿಂತರು. ಆಮೇಲೆ ಮೂಗೊರೆಸಿಕೊಂಡು, "ನಮ್ಮನೆ ಟೆಲಿಫೋನ್ ಕೆಟ್ಟು ಕೂತಿದೆ ಕಣಯ್ಯ ಬರ್ನಬೆ. ಕರೆದದ್ದೇ ಗೊತ್ತಾಗ್ಲಿಲ್ಲ ನೋಡು" ಎಂದು ಒಳಗೆ ಹೋಗಿ ತಮ್ಮ ಹೆಸರಿನ ಮುಂದೆ ಕೂತರು.

ಬಾಗಿಲು ಮುಚ್ಚಿದ ಹತ್ತು ನಿಮಿಷಕ್ಕೆ ಪಟ್ಟಿ ಬಂತು. ಬರ್ನಬೆ ಎಣಿಸಿದ. ಹದಿನೇಳು ಹೆಸರು. ಒಳಗೆ ಹದಿನೆಂಟು ಕುರ್ಚಿ! ಮತ್ತೆ ಎಣಿಸಿದ. ಲವಿನ್ಯಾಕ್ ಎಲ್ಲೂ ಇಲ್ಲ. ಪಿಂಚಣಿಗೆ ಇನ್ನು ಮೂರೇ ತಿಂಗಳು. ಇದು ಬಯಲಾದರೆ ಇಪ್ಪತ್ತೆರಡು ವರ್ಷದ ಚಾಕರಿ ನೀರಿನಲ್ಲಿ ಹೋಮ.

ನೀರಿನ ಹೂಜಿಯ ನೆಪ ಮಾಡಿಕೊಂಡು ಒಳಗೆ ಹೋದ. ಮುದುಕನ ಕಿವಿಯಲ್ಲಿ ಒಂದು ಮಾತು ಉಸುರಿ ಎಬ್ಬಿಸಿಬಿಡಬೇಕು ಎಂದುಕೊಂಡಿದ್ದ. ಆದರೆ ಒಳಗಿನ ನೋಟ ಕಂಡು ಹೂಜಿ ಇಟ್ಟು ಹಿಂದೆ ಸರಿದ. ಯಾರಿಗೂ ಅನುಮಾನವಿಲ್ಲ! ಮೂರು ಪಕ್ಷಗಳಲ್ಲಿ ಸಮಾಜವಾದಿಗಳು ಲವಿನ್ಯಾಕರನ್ನು ರ‍್ಯಾಡಿಕಲ್ಲರು ತಂದರೆಂದುಕೊಂಡಿದ್ದರು, ರ‍್ಯಾಡಿಕಲ್ಲರು ಕ್ಯಾಥಲಿಕ್ ಪಕ್ಷದವರು ತಂದರೆಂದುಕೊಂಡಿದ್ದರು. ಕೇಳಿದರೆ ಎಲ್ಲಿ ಜಗಳವಾಗುತ್ತದೋ ಎಂದು ಎಲ್ಲರೂ ತೆಪ್ಪಗಿದ್ದರು. ಲವಿನ್ಯಾಕರಂತೂ ಗೋಧಿಯ ವಿಷಯ ಮಾತಾಡುತ್ತಿದ್ದರು, ಉಳಿದವರು ತಲೆದೂಗುತ್ತಿದ್ದರು.

ಸಭೆ ಮುಗಿದ ಮೇಲೆ ಪ್ರಧಾನಿ ಅವನನ್ನು ಕರೆಸಿದರು. ಪಕ್ಕದಲ್ಲಿ ಕಾರ್ಯದರ್ಶಿ.

"ಲವಿನ್ಯಾಕರನ್ನ ಯಾರ ಪಾಲಿನಲ್ಲಿ ಕೂರಿಸಿದ್ದು?"

"ನನ್ನ ಪಾಲಿನಲ್ಲಿ, ಸ್ವಾಮಿ" ಎಂದ ಬರ್ನಬೆ. ಡಬ್ಬಿಯ ಕಥೆಯನ್ನೆಲ್ಲ ಹೇಳಿ ತಲೆ ತಗ್ಗಿಸಿ ನಿಂತ. ಇನ್ನೇನು ಬಾಂಬು ಸಿಡಿಯುತ್ತದೆ ಎಂದು ಕಾದ.

ಪ್ರಧಾನಿ ಕಾರ್ಯದರ್ಶಿಯ ಕಡೆ ತಿರುಗಿದರು. "ಮೆಟ್ಟಿಲ ಮೇಲೆ ಫೋಟೊ ತೆಗೆದರಾ?"

"ತೆಗೆದರು. ಹದಿನೆಂಟೂ ಜನ ಇದ್ದಾರೆ."

"ಲವಿನ್ಯಾಕರ ಹಿಂದೆ ಸಂಸತ್ತಿನಲ್ಲಿ ಎಷ್ಟು ಮತ?"

"ಆರು."

"ನಮ್ಮ ಬಹುಮತ?"

"ನಾಲ್ಕೇ ಮತದ್ದು."

"ಹಾಗಾದ್ರೆ ಇನ್ನೇನ್ರೀ ಯೋಚನೆ? ಆದೇಶ ಟೈಪ್ ಮಾಡಿಸಿ. ಖಾತೆ ಇಲ್ಲದ ಮಂತ್ರಿ ಅಂತ ಹಾಕಿ" ಎಂದ ಪ್ರಧಾನಿ ಬರ್ನಬೆಯತ್ತ ಬೆರಳು ತೋರಿದರು. "ನೀನು ಎಲ್ಲಾದರೂ ಬಾಯಿ ಬಿಟ್ಟೀಯ, ಜೋಕೆ!"

ಹೀಗೂ ಉಂಟೇ! ಕೆಲಸ ಉಳಿಯಿತು. ಕುಣಿದಾಡಬೇಕಾದವನು ಬೆಪ್ಪಾಗಿ ಮನೆಗೆ ಬಂದ. ಕಥೆ ಕೇಳಿ ಲಿಯೊಂತಿನ್ ಹೊಟ್ಟೆ ಹಿಡಿದು ನಕ್ಕಳು. "ಭಲೇ! ನಮ್ಮ ಯಜಮಾನ್ರು ಮಂತ್ರೀನ ಮಾಡಿಟ್ರು!"

"ನಗಬೇಡ ಕಣೇ" ಎಂದ ಬರ್ನಬೆ. ಅವನ ಕಣ್ಣು ತುಂಬಿತ್ತು. "ಇಪ್ಪತ್ತೆರಡು ವರ್ಷ ನಾನು ಕಾದದ್ದು ಇದನ್ನಾ?" ಆ ದಿನ ಅವನ ಸೂಪು ಮುಟ್ಟದೆ ಆರಿಹೋಯಿತು.

ಹನ್ನೊಂದನೆಯ ದಿನ ಸರ್ಕಾರ ಬಿತ್ತು. ಕೆಡವಿದ್ದು ಲವಿನ್ಯಾಕರ ಕಡೆಯವರಲ್ಲ, ಬೇರೆ ಯಾರೋ. ಮಂತ್ರಿಗಳೆಲ್ಲ ಗೊಣಗುತ್ತ ಟೊಪ್ಪಿ ಹಾಕಿಕೊಂಡು ಹೋದ ಮೇಲೆ ಲವಿನ್ಯಾಕ್ ಒಬ್ಬರೇ ಉಳಿದರು. ಬರ್ನಬೆಗೆ ತಡೆಯಲಾಗಲಿಲ್ಲ.

"ಸ್ವಾಮಿ, ತಮ್ಮ ಹತ್ತಿರ ಒಂದು ತಪ್ಪು ಒಪ್ಪಿಕೋಬೇಕು. ಅವತ್ತು ಆ ಚೀಟಿ..."

"ನಮ್ಮನೆ ಟೆಲಿಫೋನ್ ಚೆನ್ನಾಗೇ ಇತ್ತು, ಬರ್ನಬೆ" ಎಂದರು ಮುದುಕರು. "ಮೂರು ದಿನ ಅದರ ಪಕ್ಕದಲ್ಲೇ ಕೂತಿದ್ದೆ. ಒಬ್ಬರೂ ಕರೀಲಿಲ್ಲ. ಹಿಂದಿನ ಸಲ ಇಲ್ಲೇ ಮರೆತು ಹೋಗಿದ್ದ ಕೊಡೆ ತಗೊಂಡು ಹೋಗೋಣ ಅಂತ ಬಂದೆ ಅವತ್ತು, ಅಷ್ಟೇ."

ಬರ್ನಬೆ ಅವರ ಟೊಪ್ಪಿ ತಂದು ಕೈಗಿತ್ತ.

"ಚೀಟಿ ಎಸೆದೆಯೇನಯ್ಯ?"

"ಇಲ್ಲ ಸ್ವಾಮಿ. ಡಬ್ಬೀಲಿದೆ."

"ಇರಲಿ ಬಿಡು."

ಮುದುಕರು ಮೆಲ್ಲಗೆ ಮೆಟ್ಟಿಲಿಳಿದು ಗೇಟು ದಾಟಿದರು. ಬರ್ನಬೆ ಬಾಗಿಲು ಹಾಕಲು ತಿರುಗಿದಾಗ ಸ್ಟ್ಯಾಂಡಿನಲ್ಲಿ ಈ ಸಲವೂ ಅವರ ಕೊಡೆ ಹಾಗೇ ಇತ್ತು. ಕೂಗಿದ್ದರೆ ಕೇಳಿಸುವಷ್ಟು ದೂರದಲ್ಲೇ ಅವರು ಹೋಗುತ್ತಿದ್ದರು. ಅವನು ಕೂಗಲಿಲ್ಲ.