ಎಂಟಕ್ಕೆ ಗುರಿ, ಹನ್ನೆರಡು ನಿಚ್ಚಳ

ಹೈದರಾಬಾದಿನ ಕಾಚಿಗುಡದ ಆ ಓಣಿಯಲ್ಲಿ ನರಹರಿಯ ಮನೆಗೆ ಫಲಕವಿರಲಿಲ್ಲ. ಕ್ಯಾಮೆರಾ ಹಿಡಿದವರು ಯಾರೇ ಓಣಿಯೊಳಗೆ ಕಾಲಿಟ್ಟರೂ ಮೂಲೆಯ ಪಾನ್ ಡಬ್ಬಾದವನು ಅವರು ಕೇಳುವ ಮೊದಲೇ ಮೂರನೇ ಬಾಗಿಲಿಗೆ ಬೆರಳು ತೋರಿಸುತ್ತಿದ್ದ.

ನರಹರಿಯ ತಂದೆ ನಿಜಾಮರ ಕಾಲದಲ್ಲಿ ರಾಯಚೂರಿನಿಂದ ಇಲ್ಲಿಯ ಕಂದಾಯ ಕಚೇರಿಗೆ ಬಂದವರು. ಮುಂದೆ ರಾಜ್ಯಗಳ ಗಡಿ ಬದಲಾದಾಗ ರಾಯಚೂರು ಆ ಕಡೆ ಹೋಯಿತು, ಅವರು ಈ ಕಡೆ ಉಳಿದರು. ಮಗ ಒಂದು ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ ಉಪಕರಣಗಳ ಮೆಕ್ಯಾನಿಕ್ ಆದ. ಸೂಕ್ಷ್ಮದರ್ಶಕ, ದುರ್ಬೀನು, ತಕ್ಕಡಿ, ಎಲ್ಲವನ್ನೂ ಬಿಚ್ಚಿ ಜೋಡಿಸುತ್ತ ಮೂವತ್ತೊಂದು ವರ್ಷ ಕಳೆದ. ಸಂಜೆಗಳಲ್ಲಿ ಮನೆಯ ಪಡಸಾಲೆಯಲ್ಲಿ ಕುಳಿತು ಊರವರ ಕ್ಯಾಮೆರಾ ರಿಪೇರಿ ಮಾಡುತ್ತಿದ್ದ. ಮನೆಯೊಳಗೆ ಕನ್ನಡ, ಓಣಿಯಲ್ಲಿ ಹಿಂದಿ, ಕಾಲೇಜಿನಲ್ಲಿ ತೆಲುಗು. ಮೂರರಲ್ಲೂ ಅವನದು ಕಡಿಮೆ ಮಾತು. ಹಳೆಯ ಲೆನ್ಸೊಂದು ಕೈಗೆ ಬಂದರೆ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಿದ್ದ. ಆಮೇಲೆ ಕಿವಿಯ ಹತ್ತಿರ ತಂದು ಉಂಗುರ ತಿರುಗಿಸಿ ಸದ್ದು ಕೇಳುತ್ತಿದ್ದ. ಅವನು ‘ಚಲೋ ಅದ’ ಅಂದರೆ ಆ ಲೆನ್ಸು ಚಲೋ. ಊರಿನ ಸ್ಟುಡಿಯೋದವರು ಅದರ ಮೇಲೆ ಎರಡನೇ ಮಾತು ಕೇಳುತ್ತಿರಲಿಲ್ಲ.

ಸಾವಿರದ ಒಂಬೈನೂರ ತೊಂಬತ್ತಮೂರರ ಜುಲೈ ತಿಂಗಳಲ್ಲಿ ಸುಹಾಸಿನಿ ಬಂದಳು. ನರಹರಿಯ ಹಳೆಯ ಗೆಳೆಯ, ತಾರ್ನಾಕದ ಅಮರೇಶಪ್ಪನವರ ಮಗಳು ಆಕೆ, ಹುಡುಗಿಯರ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ಕೈಯಲ್ಲೊಂದು ಸ್ಟೀಲಿನ ಡಬ್ಬಿಯಿತ್ತು. ಮುಚ್ಚಳ ತೆಗೆದರೆ ಅಕ್ಕಿ, ಅಕ್ಕಿಯೊಳಗೆ ಬಟ್ಟೆಯ ಗಂಟು, ಗಂಟಿನೊಳಗೆ ಲೆನ್ಸು. ತೇವ ಹಿಡಿದು ಬೂಸು ಬರಬಾರದೆಂದು ಹಾಗಿಡಲು ಹೇಳಿದವನು ನರಹರಿಯೇ. ಹದಿನಾಲ್ಕು ವರ್ಷದ ಹಿಂದೆ ಹೇಳಿದ್ದ.

“ಕಾಕಾ, ಇದು ಇನ್ನೂ ಕೆಲಸಕ್ಕ ಬರತೈತೇನು ನೋಡಿ ಹೇಳ್ರಿ. ಅಪ್ಪಾಜಿದು ಇದರಾಗ ಒಂದು ಫೋಟೋ ತೆಗೀಬೇಕು ಅಂತ ಐತಿ. ಅವರಿಗೆ ಹೇಳಬ್ಯಾಡ್ರಿ, ಕೇಳಿದ್ರ ಬ್ಯಾಡ ಅಂತಾರ.”

ಲೆನ್ಸನ್ನು ನೋಡಿದೊಡನೆ ನರಹರಿಗೆ ಗುರುತು ಹತ್ತಿತು. ರಷ್ಯಾದ್ದು, ಎಂಬತ್ತೈದು ಮಿಲಿಮೀಟರಿನದು, ಒಳಗೆ ನೇರಳೆ ಹೊಳಪು. ಅಲ್ಲಿಂದ ಹೈದರಾಬಾದಿಗೆ ಬಂದಿದ್ದ ಒಬ್ಬ ಭೂಗರ್ಭಶಾಸ್ತ್ರಜ್ಞ ಊರಿಗೆ ಮರಳುವಾಗ ಕ್ಯಾಮೆರಾದ ಸಮೇತ ಅಮರೇಶಪ್ಪನವರಿಗೆ ಕೊಟ್ಟುಹೋಗಿದ್ದ. ಅದರ ಬಾಯಿ ದೊಡ್ಡದು. ಎರಡು ಎಂಬ ಅಂಕಿಗೆ ತಿರುಗಿಸಿದರೆ ಪೂರ್ತಿ ತೆರೆಯುತ್ತದೆ, ಕಿಟಕಿಯ ಮಂದ ಬೆಳಕಿನಲ್ಲೂ ಮುಖ ಹಿಡಿಯುತ್ತದೆ. ಆದರೆ ಹಾಗೆ ತೆರೆದಾಗ ಮುಖದ ಒಂದು ತೆಳು ಪದರ ಮಾತ್ರ ನಿಚ್ಚಳ. ಅದರ ಹಿಂದೆ ಮುಂದೆ ಎಲ್ಲ ಮಂಜು. ಹನ್ನೊಂದಕ್ಕೆ ತಿರುಗಿಸಿ ಬಾಯಿಯನ್ನು ಸಣ್ಣ ಕಿಂಡಿಯಷ್ಟಕ್ಕೆ ಮುಚ್ಚಿದರೆ ಎಲ್ಲವೂ ಒಂದೇ ಸಮ ನಿಚ್ಚಳವಾಗುತ್ತದೆ, ಸಣ್ಣ ತಪ್ಪುಗಳೂ ಅದರಲ್ಲಿ ಅಡಗಿಬಿಡುತ್ತವೆ.

ಅಮರೇಶಪ್ಪನವರು ಎರಡರ ಮನುಷ್ಯ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಗುಮಾಸ್ತರಾಗಿದ್ದು, ರಜೆಯ ದಿನ ಮನೆಗೆ ಬಂದವರನ್ನೆಲ್ಲ ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂರಿಸಿ ಫೋಟೋ ತೆಗೆಯುತ್ತಿದ್ದರು. ಹಾಲಿನವಳು, ಟಪಾಲಿನವನು, ನೆರೆಯ ತೆಲುಗು ಮೇಷ್ಟರು. ಎಲ್ಲರಿಗಿಂತ ಹೆಚ್ಚಾಗಿ ಹೆಂಡತಿ ಶಿವದೇವಿ. ಭಾನುವಾರ ನರಹರಿ ಹೋದರೆ ಇಬ್ಬರೂ ಆ ಚಿತ್ರಗಳನ್ನು ಭೂತಗನ್ನಡಿಯಲ್ಲಿ ನೋಡುತ್ತ ಕುಳಿತುಬಿಡುತ್ತಿದ್ದರು. ಅಮರೇಶಪ್ಪನವರು ಹತ್ತು ವರ್ಷ ದೊಡ್ಡವರು. ಆದರೂ ಅವನನ್ನು ‘ಆಚಾರ್ರ’ ಎಂದೇ ಚೇಷ್ಟೆಯಿಂದ ಕರೆಯುವರು. ಆಚಾರ್ರು ಏಕಾದಶಿಗೆ ಉಪವಾಸ ಇದ್ದರೂ ಅವರ ಸ್ಕ್ರೂಡ್ರೈವರ್ ಮಾತ್ರ ಉಪವಾಸ ಇರೋದಿಲ್ಲ ಎಂದು ಶಿವದೇವಿಯ ಎದುರು ಅಣಕಿಸುವರು.

ಎಪ್ಪತ್ತೊಂಬತ್ತರ ಮಳೆಗಾಲದಲ್ಲಿ ಲೆನ್ಸಿನೊಳಗೆ ಬೂಸು ಬಂತು. ನರಹರಿ ಬಿಚ್ಚಿದ, ಒರೆಸಿದ, ಜೋಡಿಸಿದ. ಆಗ ರೀಲು ಸಿಗುವುದೇ ಕಷ್ಟ. ರಿಪೇರಿಯಾದ ಲೆನ್ಸನ್ನು ಪರೀಕ್ಷಿಸಲು ಯಾರದೋ ರೀಲಿನ ಬಾಲದಲ್ಲಿ ಉಳಿದ ಒಂದೇ ಒಂದು ಚಿತ್ರ ಸಿಗುತ್ತಿತ್ತು. ಅದು ಹಾಳಾಗಬಾರದೆಂದು ಅವನು ನಡುಹಗಲ ಬಿಸಿಲಿನಲ್ಲಿ, ಹನ್ನೊಂದಕ್ಕೆ ಮುಚ್ಚಿ, ಗೋಡೆಯ ಕ್ಯಾಲೆಂಡರಿನ ಚಿತ್ರ ತೆಗೆಯುತ್ತಿದ್ದ. ಅಕ್ಷರ ನಿಚ್ಚಳ ಬಂದರೆ ಲೆನ್ಸು ಪಾಸು. ಅಮರೇಶಪ್ಪನವರ ಲೆನ್ಸೂ ಹಾಗೆಯೇ ಪಾಸಾಯಿತು.

ತಿಂಗಳ ಮೇಲೆ ಅವರು ಒಂದು ಲಕೋಟೆ ಹಿಡಿದು ಬಂದರು. ಮುಖಗಳು ಯಾಕೋ ಮಂಜಾಗುತ್ತಿವೆ, ಕ್ಯಾಮೆರಾದ ಜೊತೆಗೇ ಬಂದಿದ್ದ ಚಿಕ್ಕ ಲೆನ್ಸಿನಲ್ಲಿ ತೆಗೆದವು ಸರಿಯಾಗಿವೆ ಎಂದರು. ನರಹರಿ ಲಕೋಟೆಯೊಳಗಿನ ಒಂದೆರಡನ್ನು ಮೇಲೆ ಮೇಲೆ ನೋಡಿ ತಿರುಗಿ ಕೊಟ್ಟ. ಲೆನ್ಸನ್ನು ತಾನು ಪರೀಕ್ಷಿಸಿದ್ದೇನೆ ಎಂದ. ಚಿಕ್ಕ ಲೆನ್ಸು ಕಣ್ಣಿನ ತಪ್ಪನ್ನು ಸಹಿಸುತ್ತದೆ, ದೊಡ್ಡದು ಸಹಿಸುವುದಿಲ್ಲ. ನಿಮ್ಮ ಕಣ್ಣು ಮೊದಲಿನಂತಿಲ್ಲ ಎಂದ. ಮೆತ್ತಗೆ, ಪ್ರೀತಿಯಿಂದಲೇ ಅಂದಿದ್ದ. ಅಮರೇಶಪ್ಪನವರು ಐವತ್ತಾಯಿತಲ್ಲ ಎಂದು ನಕ್ಕು ಹೋದರು. ಆ ವರ್ಷವೇ ಕ್ಯಾಮೆರಾ ಎತ್ತಿಟ್ಟರು.

ಅದೇ ವರ್ಷ ದಸರೆಯ ಮುಂದೆ ಮನೆ ಸಾರಿಸುವಾಗ ಕಮಲಾಕ್ಷಿ, ನರಹರಿಯ ಹೆಂಡತಿ, ಮೇಜಿನ ಕೆಳಗಿಂದ ಒಂದು ಹಿತ್ತಾಳೆ ಬಳೆ ಎತ್ತಿಕೊಟ್ಟಿದ್ದಳು. ರೂಪಾಯಿಗಿಂತ ಸ್ವಲ್ಪ ಅಗಲ, ಪೋಸ್ಟ್‌ಕಾರ್ಡಿನಷ್ಟು ತೆಳು. ಯಾವುದೋ ಒಂದು ಲೆನ್ಸಿನದ್ದು ಎಂದುಕೊಂಡು ನರಹರಿ ಅದನ್ನು ಬಿಡಿಭಾಗಗಳ ಡಬ್ಬಿಗೆ ಹಾಕಿದ್ದ.

ಹದಿನಾಲ್ಕು ವರ್ಷದ ಮೇಲೆ ಈಗ ರೀಲಿಗೆ ಕೊರತೆಯಿರಲಿಲ್ಲ, ಪರೀಕ್ಷೆಯ ಕ್ರಮವೂ ಬದಲಾಗಿತ್ತು. ಹಳೆಯ ಕ್ಯಾಲೆಂಡರಿನಿಂದ ಒಂದರಿಂದ ಹದಿನೈದರವರೆಗಿನ ತಾರೀಖುಗಳನ್ನು ಕತ್ತರಿಸಿ, ಅಂಗುಲಕ್ಕೊಂದರಂತೆ ಹಲಗೆಗೆ ಅಂಟಿಸಿಕೊಂಡಿದ್ದ. ಹಲಗೆಯನ್ನು ಆರು ಅಡಿ ದೂರದಲ್ಲಿ, ಒಂದು ಹತ್ತಿರ ಹದಿನೈದು ದೂರ ಬರುವಂತೆ ಉದ್ದಕ್ಕೆ ಓರೆಯಾಗಿಟ್ಟು, ನಡುವಿನ ಎಂಟಕ್ಕೆ ಗುರಿಯಿಟ್ಟು, ಲೆನ್ಸನ್ನು ಪೂರ್ತಿ ತೆರೆದು ಚಿತ್ರ ತೆಗೆಯುವುದು. ಅಮರೇಶಪ್ಪನವರದಂಥ ಕ್ಯಾಮೆರಾದಲ್ಲಿ ಕಣ್ಣು ಲೆನ್ಸಿನೊಳಗಿಂದ ನೋಡುವುದಿಲ್ಲ, ಪಕ್ಕದ ಕಿಂಡಿಯಿಂದ ನೋಡುತ್ತದೆ. ಕಿಂಡಿಯಲ್ಲಿ ಒಂದೇ ವಸ್ತು ಎರಡಾಗಿ ಕಾಣುತ್ತದೆ. ಉಂಗುರ ತಿರುಗಿಸಿ ಎರಡನ್ನೂ ಒಂದು ಮಾಡಿದರೆ ಗುರಿ ಕೂಡಿತೆಂದು ನಂಬಬೇಕು. ನಂಬಿದ್ದು ನಿಜವೋ ಅಲ್ಲವೋ ರೀಲು ತೊಳೆದ ಮೇಲೆಯೇ ಗೊತ್ತು.

ತನ್ನ ಬಳಿಯಿದ್ದ ಅಂಥದ್ದೇ ಕ್ಯಾಮೆರಾಕ್ಕೆ ಲೆನ್ಸು ಕೂರಿಸಿ ನರಹರಿ ಆರು ಚಿತ್ರ ತೆಗೆದ. ಮರುದಿನ ತೊಳೆದು ತಂದು ಭೂತಗನ್ನಡಿಯಡಿ ಇಟ್ಟ. ಆರರಲ್ಲೂ ಎಂಟು ಮಂಜು. ಆರರಲ್ಲೂ ಹನ್ನೆರಡು ನಿಚ್ಚಳ.

ಕಣ್ಣಿನ ತಪ್ಪಾದರೆ ಒಮ್ಮೆ ಹಿಂದೆ ಬೀಳುತ್ತದೆ, ಒಮ್ಮೆ ಮುಂದೆ ಬೀಳುತ್ತದೆ. ಒಂದೇ ಕಡೆಗೆ, ಒಂದೇ ಅಳತೆಗೆ ತಪ್ಪುವುದು ಲೆನ್ಸು ಮಾತ್ರ. ಇದನ್ನು ಅವನು ಎಷ್ಟೋ ಮಂದಿಗೆ ಹೇಳಿಕೊಟ್ಟಿದ್ದ. ಲೆನ್ಸನ್ನು ಬಿಚ್ಚಿದ. ಗಾಜುಗಳ ಜೋಡಣೆ ಕೂರುವ ಅಂಚಿನಲ್ಲಿ, ಅದನ್ನು ಸರಿಯಾದ ದೂರದಲ್ಲಿಡುವ ತೆಳು ಬಳೆಯಿರಬೇಕಿತ್ತು. ಅಲ್ಲಿ ಬಳೆಯಿದ್ದ ಗುರುತು ಮಾತ್ರ ಇತ್ತು. ಎದ್ದು ಡಬ್ಬಿ ತಂದ. ಬಳೆ ತಳದಲ್ಲಿತ್ತು, ಕಪ್ಪಾಗಿತ್ತು. ಒರೆಸಿ ಇಟ್ಟರೆ ಬೆರಳಿನ ಒತ್ತಾಯವಿಲ್ಲದೆ ತಾನಾಗಿ ಕೂತಿತು. ಮತ್ತೆ ಆರು ಚಿತ್ರ ತೆಗೆದ. ಎಂಟಕ್ಕೆ ಎಂಟೇ ಬಂತು.

ಅವನು ಆ ರಾತ್ರಿ ಊಟಕ್ಕೇಳಲಿಲ್ಲ. ಕಮಲಾಕ್ಷಿ ಕೇಳಿದಾಗ ಎಲ್ಲ ಹೇಳಿದ. ಲೆನ್ಸು ಈಗ ಸರಿಯಾಗಿದೆಯಲ್ಲ, ಸುಹಾಸಿನಿಗೆ ಚಲೋ ಅದ ಅಂದುಬಿಡಿ, ಹಳೇದನ್ನು ಕೆದಕಿ ಆ ಮುದುಕರ ಜೀವ ಯಾಕೆ ನೋಯಿಸುತ್ತೀರಿ ಎಂದಳು ಅವಳು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಶಿವದೇವಿ ತೀರಿಕೊಂಡು ಐದು ವರ್ಷವಾಗಿತ್ತು. ಅಮರೇಶಪ್ಪನವರ ಮನೆಯ ಗೋಡೆಯ ಮೇಲಿನ ಅವಳ ಫೋಟೋ ಎಪ್ಪತ್ತೆಂಟರದ್ದು, ಕೂದಲೆಲ್ಲ ಕಪ್ಪು. ಅದರ ನಂತರದ ಮುಖ, ನರೆತದ್ದು, ಸೊರಗಿದ್ದು, ಎಲ್ಲೂ ಇರಲಿಲ್ಲ. ಪ್ರತಿ ಭಾನುವಾರ ಆ ಗೋಡೆಯ ಕೆಳಗೇ ಕೂತು ನರಹರಿ ಚಹಾ ಕುಡಿದು ಬರುತ್ತಿದ್ದ. ಇನ್ನು ಹೇಳದೆ ಅಲ್ಲಿ ಕೂರುವುದಾಗದು. ಹೇಳಿದರೆ ಕೂರಿಸುತ್ತಾರೋ ಇಲ್ಲವೋ ತಿಳಿಯದು.

ಭಾನುವಾರ ಬೆಳಿಗ್ಗೆ ಲೆನ್ಸು, ಎರಡೂ ರೀಲಿನ ಚಿತ್ರಗಳು, ಅಳತೆಯ ಟೇಪು ಚೀಲಕ್ಕೆ ಹಾಕಿಕೊಂಡು ತಾರ್ನಾಕದ ಬಸ್ಸು ಹತ್ತಿದ.

ಅಮರೇಶಪ್ಪನವರು ಕಿಟಕಿಯ ಬಳಿಯಿದ್ದರು. ಆಚಾರ್ರು ಇವತ್ತು ಬೇಗ ಬಂದರಲ್ಲ, ಮನೆಯಲ್ಲಿ ನಾಷ್ಟಾ ಹಾಕಲಿಲ್ಲೇನು ಎಂದು ನಕ್ಕರು. ನರಹರಿ ಕೂರಲಿಲ್ಲ. ನಿಂತೇ ಹೇಳಿದ. ಬಳೆಯ ಮಾತು, ಹನ್ನೊಂದಕ್ಕೆ ಮುಚ್ಚಿ ಪರೀಕ್ಷಿಸಿದ ಮಾತು, ದಸರೆಯಲ್ಲಿ ಬಳೆ ಸಿಕ್ಕಾಗ ಯಾವುದರದ್ದೆಂದು ಹುಡುಕದೆ ಡಬ್ಬಿಗೆ ಹಾಕಿದ ಮಾತು. ಒಳಗಿನಿಂದ ಬಂದ ಸುಹಾಸಿನಿ ಬಾಗಿಲಲ್ಲೇ ನಿಂತುಬಿಟ್ಟಳು.

“ನಿಮ್ಮ ಕಣ್ಣಿಗೆ ಆಗ ಏನೂ ಆಗಿದ್ದಿಲ್ಲರಿ. ತಪ್ಪು ನಂದು. ಅದನ್ನ ಹೇಳ್ಲಿಕ್ಕೆ ಬಂದೀನಿ.”

ಅಮರೇಶಪ್ಪನವರು ಎದ್ದು ಗೋಡೆ ಹಿಡಿದುಕೊಂಡು ಅಲಮಾರಿಯವರೆಗೆ ಹೋದರು. ಬಟ್ಟೆಗಳ ಕೆಳಗೆ ಕೈಯಾಡಿಸಿ ಒಂದು ಲಕೋಟೆ ತೆಗೆದು ಅವನ ಕೈಗಿಟ್ಟರು. ಅದೇ ಲಕೋಟೆ. ಒಳಗೆ ಶಿವದೇವಿಯ ಒಂಬತ್ತು ಚಿತ್ರ. ಒಂಬತ್ತರಲ್ಲೂ ಕಣ್ಣು ಮಂಜು, ಕಿವಿಯ ಬೆಂಡೋಲೆಯ ಏಳು ಹರಳೂ ಎಣಿಸುವಷ್ಟು ನಿಚ್ಚಳ.

“ನಿನಗ ತೋರಿಸಿದ್ದೆ, ನೆನಪೈತೇನು?”

“ಅದರಿ.”

“ಕಣ್ಣು ಕೆಟ್ಟಾವ ಒಂಬತ್ತು ಸಲಾನೂ ಕಿವಿಗೇ ಹೊಡೀತಾನೇನು, ನರಹರಿ? ನನಗ ತಿಳಿಯಂಗಿಲ್ಲ, ನಾ ಪುಸ್ತಕ ಎಣಿಸಾವ. ನಿನಗ ತಿಳೀಬೇಕಿತ್ತು.”

ಮೂವತ್ತು ವರ್ಷದಲ್ಲಿ ಅವರು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ನರಹರಿ ಒಂಬತ್ತೂ ಚಿತ್ರಗಳನ್ನು ಒಂದೊಂದಾಗಿ ನೋಡಿದ. ಅಂದು ಲಕೋಟೆಯನ್ನು ಸರಿಯಾಗಿ ನೋಡಿದ್ದರೆ ಒಂದು ನಿಮಿಷದ ಕೆಲಸವಾಗಿತ್ತು. ತನ್ನ ಕೈ ತಪ್ಪಿರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ.

“ಅಕಿ ಕೇಳತಿದ್ಲು,” ಎಂದರು ಅಮರೇಶಪ್ಪನವರು, ಗೋಡೆಯ ಫೋಟೋದ ಕಡೆ ತಿರುಗಿ. “ಹಬ್ಬಕ್ಕೊಮ್ಮೆ ಕೇಳತಿದ್ಲು, ಒಂದು ತೆಗೀರಲ್ಲ ಅಂತ. ಕಣ್ಣು ನಡಿಯಂಗಿಲ್ಲ ಅಂತಿದ್ದೆ. ಕಡೀಕ ಕೇಳೋದ ಬಿಟ್ಟಳು.”

ಆಮೇಲೆ ಮಗಳಿಗೆ ಕ್ಯಾಮೆರಾ ತರಲು ಹೇಳಿದರು. ಅವಳಲ್ಲಿ ರೀಲು ಇತ್ತು, ಅದನ್ನು ಹಾಕಿ, ನರಹರಿ ತಂದ ಲೆನ್ಸನ್ನೂ ಕೂರಿಸಿ ಕೊಟ್ಟಳು. ನರಹರಿಯನ್ನು ಬೆತ್ತದ ಕುರ್ಚಿಯಲ್ಲಿ ಕೂರಲು ಹೇಳಿ, ತಾವು ಎದುರಿನ ಗೋಡೆಗೆ ಬೆನ್ನು ಕೊಟ್ಟು ನಿಂತರು. ಕಿಂಡಿಗೆ ಕಣ್ಣಿಟ್ಟರು. ಉಂಗುರವನ್ನು ಈ ಕಡೆ ತಿರುಗಿಸಿದರು, ಆ ಕಡೆ ತಿರುಗಿಸಿದರು. ಕನ್ನಡಕ ತೆಗೆದು ನೋಡಿದರು, ಹಾಕಿ ನೋಡಿದರು. ಕ್ಯಾಮೆರಾವನ್ನು ಎದೆಗಿಳಿಸಿದರು.

“ಎರಡೂ ಕೂಡವಲ್ಲವು. ಕಣ್ಣಿಗೆ ಪೊರಿ ಬಂದೈತಂತ, ಡಾಕ್ಟರು ಹೇಳ್ಯಾರ.” ಕನ್ನಡಕ ಸರಿಮಾಡಿಕೊಂಡರು. “ನೀ ಅಂದದ್ದು ಈಗ ಖರೆ ಆಗೇತಿ ನೋಡು.”

ನರಹರಿ ಚೀಲದಿಂದ ಟೇಪು ತೆಗೆದ. ಅದರ ಒಂದು ತುದಿಯನ್ನು ಸುಹಾಸಿನಿಗೆ ಕೊಟ್ಟು ಕ್ಯಾಮೆರಾದ ಮೈಗೆ ಹಿಡಿಯಲು ಹೇಳಿದ. ಇನ್ನೊಂದು ತುದಿಯನ್ನು ಎಳೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂತು ತನ್ನ ಬಲಗಣ್ಣಿನ ಕೊನೆಗೆ ಒತ್ತಿಕೊಂಡ. ಆರು ಅಡಿಗೆ ಒಂದು ಅಂಗುಲ ಕಡಿಮೆಯಿತ್ತು. ಬೆನ್ನನ್ನು ಅಷ್ಟೇ ಹಿಂದೆ ಸರಿಸಿ ಆರಕ್ಕೆ ಸರಿಮಾಡಿದ. ಲೆನ್ಸಿನ ಮೇಲಿನ ಅಂಕಿ ಅಡಿಯದಲ್ಲ, ಮೀಟರಿನದು. ಉಂಗುರವನ್ನು ಎಲ್ಲಿ ನಿಲ್ಲಿಸಬೇಕೆಂದು ಸುಹಾಸಿನಿಗೆ ಹೇಳಿದ, ಬಾಯಿಯನ್ನು ಎರಡಕ್ಕೆ ತೆರೆಯಲು ಹೇಳಿದ.

“ಈಗ ನೋಡಬೇಕಾಗಿಲ್ಲರಿ. ಒತ್ರಿ ಸಾಕು.”

ಅವರು ತಕ್ಷಣ ಒತ್ತಲಿಲ್ಲ. ಕಿಂಡಿಯಲ್ಲಿ ಏನು ಕಾಣುತ್ತಿತ್ತೋ, ಅದನ್ನೇ ನೋಡುತ್ತ ನಿಂತರು. ಕಿಟಕಿಯಾಚೆ ತರಕಾರಿ ಗಾಡಿಯವನು ಕೂಗುತ್ತ ಹೋದ. ನರಹರಿ ರೆಪ್ಪೆ ಬಡಿಯದೆ ಕೂತಿದ್ದ. ಕೊನೆಗೆ ಗುಂಡಿಯ ಸದ್ದು ಬಂತು, ಒಂದೇ ಒಂದು ಸಲ.

ಕ್ಯಾಮೆರಾವನ್ನು ಮಗಳ ಕೈಗೆ ಕೊಟ್ಟು, ಮುಂದಿನ ಐತವಾರ ಬರಬ್ಯಾಡ ಎಂದರು ಅಮರೇಶಪ್ಪನವರು. ಅದರ ಮುಂದಿನ ಐತವಾರ ಬರಲೇ ಎಂದು ನರಹರಿ ಕೇಳಲಿಲ್ಲ. ಚಹಾ ಆಗಿತ್ತು, ಅದನ್ನು ಕುಡಿಯದೆ ಎದ್ದ.

ತಿಂಗಳ ಮೇಲೆ ಸುಹಾಸಿನಿ ಫೋಟೋ ತಂದು ತೋರಿಸಿದಳು. ನರಹರಿ ಅಭ್ಯಾಸಬಲದಿಂದ ಭೂತಗನ್ನಡಿ ಇಟ್ಟು ನೋಡಿದ. ರೆಪ್ಪೆಯ ಒಂದೊಂದು ಕೂದಲೂ ಬೇರೆ ಬೇರೆಯಾಗಿ ಬಂದಿತ್ತು. ಕಿವಿ ಮಂಜು.

ಅಪ್ಪಾಜಿ ಇದನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರಂತೆ. ತಿಳಿಯಲಿಲ್ಲ. ಕಡೆಗೆ ಅವಳನ್ನೇ ಕೇಳಿದರಂತೆ, ಚೊಕ್ಕ ಬಂದದ್ದು ಕಣ್ಣೋ ಕಿವಿಯೋ ಎಂದು. ಕಣ್ಣು ಎಂದಳಂತೆ. ಅವರು ತಲೆಯಾಡಿಸಿ, ಇನ್ನೊಂದು ಪ್ರತಿ ಮಾಡಿಸಿ ಅವ್ವನ ಲಕೋಟೆಯಲ್ಲಿ ಇಡು ಎಂದರಂತೆ.

“ಮತ್ತೇನಾದ್ರೂ ಅಂದ್ರೇನವ್ವಾ?” ಎಂದು ನರಹರಿ ಕೇಳಿದ.

ಸುಹಾಸಿನಿ ಇಲ್ಲವೆಂದಳು. ಅವಳು ಹೋದ ಮೇಲೆ ನರಹರಿ ಹಲಗೆಯನ್ನು ಎತ್ತಿ ಗೋಡೆಗಾನಿಸಿ, ಬಿಡಿಭಾಗಗಳ ಡಬ್ಬಿಯನ್ನು ಮೇಜಿನ ಮೇಲೆ ಸುರುವಿದ. ಅದರೊಳಗೆ ಇನ್ನೂ ನಾಲ್ಕು ಬಳೆಗಳಿದ್ದವು. ಅವು ಯಾರ ಕ್ಯಾಮೆರಾದವೋ ಅವನಿಗೆ ನೆನಪಿರಲಿಲ್ಲ. ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡುತ್ತ, ಹಳೆಯ ಗಿರಾಕಿಗಳ ಹೆಸರುಗಳನ್ನು ಒಂದು ಹಾಳೆಯ ಮೇಲೆ ಬರೆಯತೊಡಗಿದ.