ಗುರುಲಿಂಗಪ್ಪನವರ ಹುಲ್ಲಿನ ಮಷೀನು

ಭಾನುವಾರ ನಾಸಿಕದ ನಮ್ಮ ಕಾಲನಿಗೆ ಎಚ್ಚರವಾಗುವುದು ‘ಕರ್ರ್, ಕರ್ರ್’ ಎಂಬ ಸದ್ದಿಗೆ. ಬೀದರಿನಿಂದ ವರ್ಗವಾಗಿ ಬಂದ ಬ್ಯಾಂಕಿನ ಗುರುಲಿಂಗಪ್ಪನವರು ಕೈಯಿಂದ ತಳ್ಳುವ ಹುಲ್ಲಿನ ಮಷೀನಿನ ಬ್ಲೇಡುಗಳಿಗೆ ಮಸೆಯುವ ಪೇಸ್ಟು ಬಳಿದು, ಉರುಳೆಯನ್ನು ಹಿಂದಕ್ಕೆ ತಿರುಗಿಸುತ್ತಿರುತ್ತಾರೆ. ಆಮೇಲೆ ಪೇಪರಿನ ಚೂರು ತೂರಿಸಿ ನೋಡುತ್ತಾರೆ. ಅದು ನೀಟಾಗಿ ಕತ್ತರಿಸಿಹೋದರೂ “ಇನ್ನೂ ಮೊಂಡ ಅದ” ಎನ್ನುತ್ತಾರೆ. ಜಮಖಾನೆಯಷ್ಟು ಅಂಗಳದಲ್ಲಿ ಹುಲ್ಲು ಮೊಣಕಾಲು ಮುಟ್ಟಿದೆ. “ಅದರಿಂದ ಗಡ್ಡಾನರ ಬೋಳಿಸ್ಕೋರಿ” ಎಂದು ಹೆಂಡತಿ ನಾಗಮ್ಮ ಚುಚ್ಚುತ್ತಾರೆ. ಆ ಹುಲ್ಲಿನ ಮೂಲೆಯಲ್ಲಿ ಲಾವಕ್ಕಿಯೊಂದು ಮೊಟ್ಟೆಗೆ ಕಾವು ಕೂತಿದೆ. ಪಕ್ಕದಲ್ಲಿ ಗುರುಲಿಂಗಪ್ಪನವರದೇ ಚಹಾದ ಬಸಿ, ಅದರ ತುಂಬ ನೀರು. ಇವತ್ತು ಸೊಸೈಟಿಯ ಕಾರ್ಯದರ್ಶಿ ಶಿವಕಾಂತ ಬಂದು, “ಕಾಕಾ, ಬಸ್ ಆತು! ಮಷೀನ್ ಕೊಡ್ರಿ, ನಮ್ಮ ತೋಟದ ಮಾಲಿನೇ ಕತ್ತರಸ್ತಾನ” ಎಂದ. ಗುರುಲಿಂಗಪ್ಪನವರು ಕೆಳಗಿನ ಬ್ಲೇಡನ್ನೇ ಬಿಚ್ಚಿ ಕಂಕುಳಲ್ಲಿಟ್ಟು, “ಅಲ್ಲಿ ದೂರ ವೈಜಾಪುರದಾಗ ಒಬ್ಬ ಮಿಸ್ತ್ರಿ ಅದಾನ್ರಿ, ಅವ ಒಮ್ಮೆ ಧಾರ್ ನೋಡ್ಲಿ, ಆಮ್ಯಾಲ ನಾನಽ...” ಎನ್ನುತ್ತಲೇ ಗೇಟು ದಾಟಿ ನಡೆದುಬಿಟ್ಟರು.